ದ್ರಾಕ್ಷಿಯ ಬೆಟ್ಟಗಳಲ್ಲಿ ಊಟ-ಉಪಚಾರ

ಇಟಲಿ ದೇಶಕ್ಕೆ ಹೋಗತಕ್ಕ ನಮ್ಮವರು ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್ ಎಂಬ ಮೂರು ಪಟ್ಟಣಗಳನ್ನು ನೋಡಿಕೊಂಡು ಹಿಂದಿರುಗುವರು. ಗುಡಿ ಗೋಪುರಗಳನ್ನೂ ಚಿತ್ರ ಶಿಲ್ಪಗಳನ್ನೂ ಕಾಣಬೇಕೆನ್ನುವವರಿಗೆ ಅಷ್ಟೇ ಸಾಕು. ಆದರೆ ಒಂದು ನಾಡಿನ ಜನರು ಏನನ್ನು ಬೆಳೆಯುತ್ತಾರೆ, ಬೆಳೆದುದನ್ನು ಹೇಗೆ ಉಣ್ಣುತ್ತಾರೆ, ಮನೆಗೆ ಬಂದವರಿಗೆ ಯಾವ ಮನಸ್ಸಿನಿಂದ ಬಡಿಸುತ್ತಾರೆ ಎಂಬುದನ್ನು ಅರಿಯಬೇಕಾದರೆ ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿಯನ್ನು ಹಿಡಿಯಬೇಕು. ಈ ಅಭಿಪ್ರಾಯದಿಂದ ನಾವು ಅಕ್ಟೋಬರ್ ತಿಂಗಳಿನಲ್ಲಿ ಆ ದೇಶದ ವಾಯವ್ಯ ಮೂಲೆಯಲ್ಲಿರುವ ಪಿಯೆಮೊಂಟೆ ಪ್ರಾಂತ್ಯಕ್ಕೆ, ಅದರಲ್ಲಿಯೂ ಲಾಂಗೆ ಎಂಬ ಗುಡ್ಡಗಾಡಿಗೆ ಹೋಗಿದ್ದೆವು. ಅಲ್ಲಿ ಕಂಡುದರಲ್ಲಿ ಗೃಹಸ್ಥರಿಗೆ ಉಪಯುಕ್ತವೆಂದು ತೋರಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಪಿಯೆಮೊಂಟೆ ಎಂಬ ಮಾತಿಗೆ ಬೆಟ್ಟದ ಬುಡ ಎಂದರ್ಥ. ಆಲ್ಪ್ಸ್ ಪರ್ವತಗಳು ಪಶ್ಚಿಮೋತ್ತರಗಳಲ್ಲಿ ಅರ್ಧಚಂದ್ರಾಕಾರವಾಗಿ ಈ ಪ್ರಾಂತ್ಯವನ್ನು ಬಳಸಿ ನಿಂತಿವೆ. ಪ್ರಾಂತ್ಯದ ಮುಖ್ಯ ಪಟ್ಟಣವಾದ ಟೂರಿನ್‌ನಿಂದ ದಕ್ಷಿಣಾಭಿಮುಖವಾಗಿ ಸುಮಾರು ೬೦ ಕಿಲೋಮೀಟರು ಸಾಗಿದರೆ ತಾನಾರೋ ನದಿಯ ದಡದಲ್ಲಿ ಆಲ್ಬಾ ಎಂಬ ಪುರಾತನವಾದ ಊರು ಸಿಕ್ಕುತ್ತದೆ. ಅಲ್ಲಿಂದ ಮುಂದಕ್ಕೆ ನೆಲವು ಅಲೆ ಅಲೆಯಾಗಿ ಏಳುತ್ತದೆ. ಗುಡ್ಡದ ನೆತ್ತಿಗೊಂದು ಊರು. ಊರಿಗೊಂದು ಇಟ್ಟಿಗೆಯ ಕೋಟೆ. ಸುತ್ತಲೂ ದ್ರಾಕ್ಷಿಯ ತೋಟ. ಶರತ್ಕಾಲದ ಬೆಳಗಿನಲ್ಲಿ ಮಂಜು ಕಣಿವೆಗಳಲ್ಲಿ ತುಂಬಿಕೊಂಡು ಊರುಗಳು ಮಾತ್ರ ನಡುಗಡ್ಡೆಗಳಂತೆ ಮೇಲೆ ಕಾಣುತ್ತವೆ. ಬಿಸಿಲೇರಿ ಮಂಜು ಹರಿದರೆ ದೂರದಲ್ಲಿ ೩,೮೪೧ ಮೀಟರು ಎತ್ತರದ ಮೋನ್‌ವೀಸೋ ಶಿಖರವು ಹಿಮವನ್ನು ಹೊತ್ತು ನಿಂತಿರುವುದು ತೋರುತ್ತದೆ.

ಬೆಂಗಳೂರಿನ ಸುತ್ತಮುತ್ತ ದ್ರಾಕ್ಷಿಯ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ವಾಡಿಕೆ. ಇಲ್ಲಿ ಹಾಗಲ್ಲ. ಇಳಿಜಾರಿನ ಅಡ್ಡಕ್ಕೆ ಸಾಲುಗಳನ್ನು ಹಿಡಿದು, ಗೂಟ ತಂತಿಗಳಿಗೆ ಬಳ್ಳಿಯನ್ನು ಕಟ್ಟಿ, ಎದೆಯ ಎತ್ತರಕ್ಕೆ ಬೆಳೆಸುತ್ತಾರೆ. ಯಾವ ಪಕ್ಕಕ್ಕೆ ಯಾವ ತಳಿ ಎಂಬುದರಲ್ಲಿ ತಲೆಮಾರುಗಳ ಅನುಭವವಿದೆ. ಚಳಿಗಾಲ ಕಳೆಯುವಾಗ ಎಲ್ಲಿ ಹಿಮವು ಮೊದಲು ಕರಗುತ್ತದೆಯೋ ಆ ಬಿಸಿಲಿನ ಪಕ್ಕವು ನೆಬ್ಬಿಯೋಲೋ ಎಂಬ ತಳಿಗೆ ಮೀಸಲು. ಅದು ಎಲ್ಲಕ್ಕಿಂತ ತಡವಾಗಿ, ಅಕ್ಟೋಬರಿನ ಮಂಜಿನಲ್ಲಿ ಮಾಗತಕ್ಕ ಹಣ್ಣು. ನೆಬ್ಬಿಯಾ ಎಂದರೆ ಮಂಜು, ಅದರಿಂದಲೇ ಈ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಉಳಿದ ಪಕ್ಕಗಳಿಗೆ ಬಾರ್ಬೆರಾ, ದೊಲ್ಚೆತ್ತೋ ಎಂಬ ತಳಿಗಳು. ಎತ್ತರದ ತಂಪು ನೆಲದಲ್ಲಿ ಹೇಜಲ್ ಕಾಯಿಯ ಗಿಡಗಳು. ಕಣಿವೆಯ ತಳದಲ್ಲಿ ಪಾಪ್ಲರ್ ಮರಗಳು. ನೆಲವನ್ನು ಇಷ್ಟು ವಿವೇಕದಿಂದ ಹಂಚಿ ಬಳಸಿದ ಈ ಭೂದೃಶ್ಯವನ್ನು ಯುನೆಸ್ಕೋ ಸಂಸ್ಥೆಯು ೨೦೧೪ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲ ನೋಡಿದ ಯಾತ್ರಿಕನಿಗೆ ಇದು ಎಂದೆಂದಿಗೂ ಸಮೃದ್ಧವಾದ ನಾಡೇ ಇದ್ದಿರಬೇಕೆಂಬ ಭ್ರಾಂತಿಯುಂಟಾಗುವುದು ಸಹಜ. ವಾಸ್ತವವು ಬೇರೆ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಲಾಂಗೆಯೆಂದರೆ ಬಡತನಕ್ಕೆ ಇನ್ನೊಂದು ಹೆಸರು. ಆಲ್ಬಾದಲ್ಲಿ ೧೯೨೨ರಲ್ಲಿ ಹುಟ್ಟಿದ ಬೆಪ್ಪೆ ಫೆನೋಲ್ಯೋ ಎಂಬ ಗ್ರಂಥಕರ್ತರು ೧೯೫೪ರಲ್ಲಿ ಪ್ರಕಟಿಸಿದ 'ಲಾ ಮಲೋರಾ' ಎಂಬ ಕಥೆಯಲ್ಲಿ, ಮನೆಯಲ್ಲಿ ಅನ್ನವಿಲ್ಲದೆ ಪಾಲುಗಾರಿಕೆಯ ರೈತನೊಬ್ಬನ ಮನೆಗೆ ಜೀತದಾಳಾಗಿ ಹೋದ ಹುಡುಗನ ಬಾಳನ್ನು ಚಿತ್ರಿಸಿದ್ದಾರೆ. ಜನರ ಹೊಟ್ಟೆ ತುಂಬಿಸುತ್ತಿದ್ದುದು ಪೊಲೆಂಟಾ, ಎಂದರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ನಮ್ಮ ರಾಗಿಯ ಮುದ್ದೆಗೆ ಸಾರಿನ ಆಸರೆಯಾದರೂ ಉಂಟು; ಅವರ ಮುದ್ದೆಗೆ ಅದೂ ಇರಲಿಲ್ಲ. ಉಪ್ಪು ಹಾಕಿದ ಸಣ್ಣ ಮೀನೊಂದನ್ನು ತೊಲೆಗೆ ದಾರದಿಂದ ತೂಗಹಾಕಿ, ಮನೆಮಂದಿಯೆಲ್ಲ ತಮ್ಮ ತಮ್ಮ ತುತ್ತನ್ನು ಅದಕ್ಕೆ ಒಮ್ಮೆ ತಾಗಿಸಿ ರುಚಿ ಹತ್ತಿಸಿಕೊಂಡು ಉಣ್ಣುತ್ತಿದ್ದರೆಂದು ಮುದುಕರು ಹೇಳುತ್ತಾರೆ. ಅಮೆರಿಕದ ಮೂಲನಿವಾಸಿಗಳು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ತಿನ್ನುತ್ತಿದ್ದುದರಿಂದ ಅದರ ಸತ್ವವು ದೇಹಕ್ಕೆ ಹತ್ತುತ್ತಿತ್ತು; ಜೋಳವು ಯೂರೋಪಿಗೆ ಬಂದಿತು, ಆ ಕ್ರಮವು ಬರಲಿಲ್ಲ. ಆದಕಾರಣ ಜೋಳವೊಂದನ್ನೇ ನಂಬಿದ ಉತ್ತರ ಇಟಲಿಯ ಬಡವರನ್ನು ಪೆಲ್ಲಾಗ್ರಾ ಎಂಬ ರೋಗವು ಬಹುಕಾಲ ಕಾಡಿತು. ಲಾಂಗೆಯ ಇಂದಿನ ಊಟದ ಹಿಂದೆ ಈ ಹಸಿವಿನ ನೆನಪು ನಿಂತಿದೆಯೆಂಬುದನ್ನು ಮರೆಯಬಾರದು.

ಇನ್ನು ತೋಟದ ಮನೆಯ ಊಟದ ವಿಚಾರ. ಇಟಲಿಯ ಸರ್ಕಾರವು ೧೯೮೫ರಲ್ಲಿ ಒಂದು ಕಾನೂನನ್ನು ಮಾಡಿ, ರೈತರು ತಮ್ಮ ಮನೆಯಲ್ಲಿಯೇ ಅತಿಥಿಗಳನ್ನು ಇಳಿಸಿಕೊಂಡು ಊಟವಿಡುವುದಕ್ಕೆ ಅವಕಾಶವನ್ನು ಕಲ್ಪಿಸಿತು. ಇದಕ್ಕೆ ಅಗ್ರಿತುರಿಸ್ಮೋ ಎಂದು ಹೆಸರು. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಬಡಿಸುವುದರಲ್ಲಿ ಸ್ವಂತ ಹೊಲದ ಮತ್ತು ಆ ಸೀಮೆಯ ಪದಾರ್ಥಗಳಿಗೆ ಮೊದಲ ಸ್ಥಾನವಿರಬೇಕು ಎಂಬುದು ಇದರ ತಿರುಳು. ನಾವು ಇಳಿದುಕೊಂಡಿದ್ದ ಮನೆಯೂ ಅಂಥದೇ. ಯಜಮಾನನು ತೋಟಕ್ಕೆ, ಯಜಮಾನಿಯು ಅಡಿಗೆಗೆ. ಆಕೆಯ ಅತ್ತೆ ಎಂಬತ್ತು ದಾಟಿದ ವೃದ್ಧೆ, ಕುಳಿತಲ್ಲಿಯೇ ಎಲ್ಲದರ ಮೇಲೆಯೂ ಕಣ್ಣಿಟ್ಟಿದ್ದರು. ನಾವು ಮೀನು ಮಾಂಸಗಳನ್ನು ಮುಟ್ಟುವವರಲ್ಲವೆಂದು ಮುಂಚಿತವಾಗಿಯೇ ತಿಳಿಸಿದ್ದೆವು. ಅದಕ್ಕೆ ಆ ವೃದ್ಧೆಯು, "ನಾನು ಚಿಕ್ಕವಳಿದ್ದಾಗ ನಾವೂ ಮುಟ್ಟುತ್ತಿರಲಿಲ್ಲ, ಇದ್ದರೆ ತಾನೆ ಮುಟ್ಟುವುದು!" ಎಂದು ನಕ್ಕರು.

ನಮ್ಮ ಬಾಳೆಯೆಲೆಯ ಮೇಲೆ ಎಲ್ಲವೂ ಒಟ್ಟಿಗೆ ಬಂದು ಕೂಡುತ್ತದೆ. ಅವರಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಮೊದಲು ಬಂದುದು ಬಾಞ್ಞ ಕಾವ್‌ದಾ, ಎಂದರೆ ಬಿಸಿಯಾದ ಗೊಜ್ಜು. ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಹಳ ಹೊತ್ತು ಸಣ್ಣ ಉರಿಯಲ್ಲಿ ಕರಗಿಸಿ, ಉಪ್ಪುಮೀನನ್ನು ಕೂಡಿಸಿ ಮಾಡತಕ್ಕದ್ದು. ನಮಗಾಗಿ ಮೀನಿಲ್ಲದೆ ಬೇರೆ ಬೋಗುಣಿಯಲ್ಲಿ ಮಾಡಿದ್ದರು. ಅದನ್ನು ಪುಟ್ಟ ಒಲೆಯ ಮೇಲೆ ಬಿಸಿಯಾಗಿಯೇ ಇಟ್ಟುಕೊಂಡು, ಸುತ್ತಲೂ ಕುಳಿತು, ದೊಣ್ಣೆ ಮೆಣಸಿನಕಾಯಿ, ಎಲೆಕೋಸು, ಕಾರ್ಡೂನ್ ಎಂಬ ಬಿಳಿಯ ದಂಟು ಇವುಗಳನ್ನು ಅದ್ದಿ ಅದ್ದಿ ತಿನ್ನಬೇಕು. ನೀಜಾ ಎಂಬ ಊರಿನ ಕಡೆ ಈ ದಂಟಿನ ಗಿಡವನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳುತ್ತಾರೆ. ಬೆಳಕಿಲ್ಲದೆ ಅದು ಬೆಳ್ಳಗೆ ಮೃದುವಾಗಿ ಬೆನ್ನು ಬಾಗಿ ಬೆಳೆಯುತ್ತದೆ. ಸಮುದ್ರವಿಲ್ಲದ ನಾಡಿಗೆ ಮೀನು ಹೇಗೆ ಬಂದಿತೆಂದರೆ, ಲಿಗೂರಿಯಾದ ಕರಾವಳಿಯಿಂದ ಉಪ್ಪು ಹೇರಿಕೊಂಡು ಬೆಟ್ಟ ಹತ್ತುತ್ತಿದ್ದ ಹೇಸರಗತ್ತೆಗಳ ದಾರಿಯಲ್ಲಿ ಬಂದಿತು. ದ್ರಾಕ್ಷಿಯ ಕೊಯಿಲು ಮುಗಿದಾಗ ದುಡಿದವರೆಲ್ಲ ಒಂದೇ ಪಾತ್ರೆಯ ಸುತ್ತ ಕೂಡಿ ಉಣ್ಣುತ್ತಿದ್ದ ಊಟವಿದು.

ಆಮೇಲೆ ತಾಯರೀನ್ ಎಂಬ ಶಾವಿಗೆ. ನಮ್ಮಲ್ಲಿ ಒರಳಿನಲ್ಲಿ ಒತ್ತಿದರೆ ಅವರಲ್ಲಿ ಹಿಟ್ಟನ್ನು ಕಾಗದದಷ್ಟು ತೆಳುವಾಗಿ ಲಟ್ಟಿಸಿ, ಸುರುಳಿ ಸುತ್ತಿ, ಚಾಕುವಿನಿಂದ ಕೂದಲೆಳೆಯಂತೆ ಕತ್ತರಿಸುತ್ತಾರೆ. ಹಿಟ್ಟಿಗೆ ನೀರಿನ ಬದಲು ಮೊಟ್ಟೆಯ ಹಳದಿಯನ್ನು ಧಾರಾಳವಾಗಿ ಹಾಕುವುದರಿಂದ ನಮ್ಮ ಜೊತೆಯಲ್ಲಿದ್ದ ಒಬ್ಬರು ಅದನ್ನು ತೆಗೆದುಕೊಳ್ಳಲಿಲ್ಲ. ಅವರಿಗೆ ಬೆಣ್ಣೆ ಹಾಕಿದ ಪೊಲೆಂಟಾ ಬಂದಿತು. ಕಡುಬಿನಂತಹ ಆಞ್ಞೊಲೊತ್ತಿ ಎಂಬ ಇನ್ನೊಂದು ಭಕ್ಷ್ಯವೂ ಇಲ್ಲಿ ಪ್ರಸಿದ್ಧ. ಹೂರಣವನ್ನಿಟ್ಟು ಅಂಚನ್ನು ಬೆರಳಿನಿಂದ ಚಿವುಟಿ ಮುಚ್ಚುವುದರಿಂದ ಅದಕ್ಕೆ ಪ್ಲೀನ್, ಎಂದರೆ ಚಿವುಟು, ಎಂಬ ಹೆಸರು. ಹಳೆಯ ಪದ್ಧತಿಯಲ್ಲಿ ಹಿಂದಿನ ದಿನದ ಊಟದಲ್ಲಿ ಉಳಿದ ಮಾಂಸವೇ ಅದಕ್ಕೆ ಹೂರಣ. ಏನನ್ನೂ ಕೆಡಿಸಬಾರದೆಂಬ ಗೃಹಿಣಿಯ ಧರ್ಮವು ಎಲ್ಲ ದೇಶದಲ್ಲಿಯೂ ಒಂದೇ ಎಂದು ನಮಗೆ ಅನ್ನಿಸಿತು. ಕೊನೆಗೆ ಮೇಕೆಯ ಹಾಲಿನ ರೊಬಿಯೋಲಾ ಎಂಬ ಎಳೆಯ ಚೀಸು, ಹೇಜಲ್ ಕಾಯಿಯನ್ನು ಹುರಿದು ಬೀಸಿ ಮಾಡಿದ ಕೇಕು. ಒಂದೂ ದುಬಾರಿಯ ಪದಾರ್ಥವಲ್ಲ, ಎಲ್ಲವೂ ಕಾಲೋಚಿತವಾದುದು.

ದ್ರಾಕ್ಷಾರಸದ ಮಾತನ್ನು ಬಿಟ್ಟು ಈ ನಾಡನ್ನು ವರ್ಣಿಸುವುದು ಸಾಧ್ಯವಿಲ್ಲ. ನಮ್ಮ ವಾಚಕರಲ್ಲಿ ಅನೇಕರು ಮದ್ಯವನ್ನು ಮುಟ್ಟದವರು. ಮುಟ್ಟಿರೆಂದು ಹೇಳುವುದು ನಮ್ಮ ಉದ್ದೇಶವೂ ಅಲ್ಲ. ಯಾವ ರೂಪದ ಮದ್ಯವಾದರೂ ಅರ್ಬುದ ರೋಗಕ್ಕೆ ಒಂದು ಕಾರಣವೆಂಬುದು ಈಗ ವೈದ್ಯಶಾಸ್ತ್ರಸಿದ್ಧವಾದ ಸಂಗತಿ. ಆದರೆ ಒಂದು ಸಮಾಜವು ಅದನ್ನು ಹೇಗೆ ಕಟ್ಟಿನೊಳಗೆ ಇಟ್ಟುಕೊಂಡಿದೆ ಎಂಬುದು ನೋಡತಕ್ಕ ವಿಷಯ. ಇಲ್ಲಿ ಅದು ಊಟದ ಒಂದು ಅಂಗ. ಊಟವಿಲ್ಲದೆ ಕುಡಿಯುವವನನ್ನು ಜನ ಲಘುವಾಗಿ ಕಾಣುತ್ತಾರೆ. ಬೇಡವೆಂದವರ ಮುಂದೆ ಯಜಮಾನನು ನೀರಿನ ಹೂಜಿಯನ್ನಿಟ್ಟು ಸುಮ್ಮನಾದನು; ಎರಡನೆಯ ಸಲ ಕೇಳಲಿಲ್ಲ. ಬಾರೋಲೋ ಎಂಬ ಹೆಸರಿನಲ್ಲಿ ಮಾರಬೇಕಾದರೆ ಹಣ್ಣು ನಿರ್ದಿಷ್ಟವಾದ ೧೧ ಗ್ರಾಮಗಳ ಎಲ್ಲೆಯೊಳಗಿನ ನೆಬ್ಬಿಯೋಲೋ ಆಗಿರಬೇಕು. ರಸವು ೩೮ ತಿಂಗಳು, ಅದರಲ್ಲಿ ೧೮ ತಿಂಗಳು ಮರದ ಪೀಪಾಯಿಯಲ್ಲಿ, ಮಾಗಬೇಕು. ಈ ಬೆಟ್ಟಗಳ ಒಡೆತನದಲ್ಲಿ ಮುಖ್ಯವಾದ ಫಲ್ಲೆತ್ತಿ ವಂಶದ ಕೊನೆಯ ಒಡತಿ ಜೂಲಿಯಾ ಎಂಬ ಫ್ರೆಂಚ್ ಸಂಜಾತೆಯು ಈ ರಸಕ್ಕೆ ಕೀರ್ತಿಯನ್ನು ತಂದವರಲ್ಲೊಬ್ಬಳು. ಆಕೆ ಟೂರಿನ್ನಿನ ಸೆರೆಮನೆಗಳಲ್ಲಿದ್ದ ಹೆಂಗಸರ ಸುಧಾರಣೆಗಾಗಿ ಬಹಳ ದುಡಿದು, ೧೮೬೪ರಲ್ಲಿ ತೀರಿಕೊಂಡಾಗ ಆಸ್ತಿಯನ್ನು ಧರ್ಮಕಾರ್ಯಕ್ಕೆ ಬಿಟ್ಟುಹೋದಳು.

ಇಷ್ಟು ಕಟ್ಟುನಿಟ್ಟಿನ ನಾಡಿಗೂ ಒಂದು ಕಳಂಕವು ತಟ್ಟಿತು. ೧೯೮೬ರ ಮಾರ್ಚ್ ತಿಂಗಳಿನಲ್ಲಿ ಅಂಗಡಿಯ ಅಗ್ಗದ ದ್ರಾಕ್ಷಾರಸವನ್ನು ಕುಡಿದ ಜನರು ಉತ್ತರ ಇಟಲಿಯಲ್ಲಿ ಒಬ್ಬೊಬ್ಬರಾಗಿ ಸಾಯತೊಡಗಿದರು. ತೆಳುವಾದ ರಸಕ್ಕೆ ಮತ್ತು ಬರಿಸಲು ವ್ಯಾಪಾರಿಗಳು ಅಗ್ಗವಾಗಿ ಸಿಕ್ಕುತ್ತಿದ್ದ ಮಿಥೈಲ್ ಮದ್ಯಸಾರವನ್ನು ಬೆರೆಸಿದ್ದರು. ಸುಮಾರು ಇಪ್ಪತ್ತು ಮಂದಿ ಸತ್ತರು. ಕೆಲವರು ಕಣ್ಣು ಕಳೆದುಕೊಂಡರು. ವಿಷದ ಜಾಡು ಲಾಂಗೆಯ ಅಂಚಿನಲ್ಲಿರುವ ನಾರ್ಜೋಲೆ ಎಂಬ ಊರಿಗೂ ಬಂದು ಮುಟ್ಟಿತು. ಈ ವಿಷವು ನಮಗೂ ಹೊಸದಲ್ಲ. ೧೯೮೧ರ ಜುಲೈ ತಿಂಗಳಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಇದೇ ಬಗೆಯ ಕಲಬೆರಕೆಯ ಸಾರಾಯಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಎರಡು ಕಡೆಯಲ್ಲಿಯೂ ಸತ್ತವರು ಅಗ್ಗದ್ದನ್ನು ಕೊಳ್ಳಬೇಕಾಗಿದ್ದವರು. ಇಟಲಿಯ ದ್ರಾಕ್ಷಾರಸವೆಂದರೆ ಪರದೇಶಗಳ ಜನ ಬೆಚ್ಚಿದರು. ಒಂದು ತೊಟ್ಟೂ ಬೆರಸದ ರೈತನ ಮಾಲೂ ಮಾರಾಟವಾಗದೆ ನಿಂತಿತು. "ಆ ವರ್ಷ ನಮ್ಮ ತಂದೆ ನೆಲಮಾಳಿಗೆಗೆ ಹೋಗಿ ಪೀಪಾಯಿಗಳ ನಡುವೆ ಸುಮ್ಮನೆ ಕುಳಿತಿರುತ್ತಿದ್ದರು" ಎಂದು ನಮ್ಮ ಯಜಮಾನನು ಹೇಳಿದನು. ಊಟವೆಂಬುದು ನಂಬಿಕೆಯ ಮೇಲೆ ನಿಂತದ್ದು. ಬಡಿಸುವವನ ಕೈಯನ್ನು ನಂಬದೆ ಒಂದು ತುತ್ತೂ ಗಂಟಲಿನಲ್ಲಿ ಇಳಿಯದು.

ಹಾಳಾದ ನಂಬಿಕೆಯನ್ನು ಮತ್ತೆ ಕಟ್ಟುವುದಕ್ಕೆ ಇಲ್ಲಿಯ ಜನ ಹಿಡಿದ ಮಾರ್ಗವು ಪ್ರಶಂಸನೀಯವಾಗಿದೆ. ಅನೇಕ ರೈತರು ಹೆಚ್ಚು ಬೆಳೆಯುವ ಆಸೆಯನ್ನು ಬಿಟ್ಟು, ಬಳ್ಳಿಯಲ್ಲಿ ಗೊಂಚಲುಗಳನ್ನು ಕಡಿಮೆ ಮಾಡಿ, ಸೀಸೆಯ ಮೇಲೆ ತಮ್ಮ ಹೆಸರನ್ನೂ ತೋಟದ ಹೆಸರನ್ನೂ ಬರೆದು ಮಾರತೊಡಗಿದರು. ಅದೇ ವರ್ಷ ರೋಮಿನ ಸ್ಪ್ಯಾನಿಷ್ ಸೋಪಾನದ ಬಳಿ ಅಮೆರಿಕದ ಶೀಘ್ರಾಹಾರದ ಅಂಗಡಿಯೊಂದು ತೆರೆಯಿತು. ಅದಕ್ಕೆ ದೊಡ್ಡ ಪ್ರತಿಭಟನೆ ನಡೆಯಿತು. ಆಲ್ಬಾಕ್ಕೆ ಸಮೀಪದ ಬ್ರಾ ಎಂಬ ಊರಿನ ಕಾರ್ಲೋ ಪೆಟ್ರೀನಿ ಎಂಬವರು ಗೆಳೆಯರನ್ನು ಕೂಡಿಸಿಕೊಂಡು ಇದೇ ೧೯೮೬ರಲ್ಲಿ ಕಟ್ಟಿದ ಸಂಘವು, ೧೯೮೯ರಲ್ಲಿ ಪ್ಯಾರಿಸ್ಸಿನಲ್ಲಿ ನಾನಾ ದೇಶದವರು ಸಹಿ ಹಾಕಿದ ಘೋಷಣಾಪತ್ರದಿಂದ 'ಸ್ಲೋ ಫುಡ್' ಎಂಬ ಅಂತರರಾಷ್ಟ್ರೀಯ ಚಳವಳಿಯಾಯಿತು. ಬಸವನಹುಳು ಅದರ ಲಾಂಛನ. ಆಹಾರವು ರುಚಿಯಾಗಿರಬೇಕು, ನೆಲವನ್ನು ಕೆಡಿಸದೆ ಬೆಳೆದುದಾಗಿರಬೇಕು, ಬೆಳೆದವನಿಗೆ ನ್ಯಾಯವಾದ ಬೆಲೆ ಸಿಕ್ಕಿರಬೇಕು ಎಂಬ ಮೂರು ಮಾತುಗಳಲ್ಲಿ ಅದರ ತತ್ತ್ವವು ಅಡಗಿದೆ. ಬ್ರಾ ಊರಿನ ಪಕ್ಕದ ಪೊಲ್ಲೆಂಜೋದಲ್ಲಿ ಹಿಂದೆ ರಾಜರ ಬೇಸಾಯದ ಕಟ್ಟಡಗಳಾಗಿದ್ದ ಸ್ಥಳದಲ್ಲಿ ೨೦೦೪ರಿಂದ ಆಹಾರಶಾಸ್ತ್ರಕ್ಕಾಗಿಯೇ ಒಂದು ವಿಶ್ವವಿದ್ಯಾಲಯವು ನಡೆಯುತ್ತಿದೆ. ಅಡಿಗೆಯ ವಿಚಾರವು ವಿಶ್ವವಿದ್ಯಾಲಯದ ಹೊಸಲನ್ನು ದಾಟಿದ್ದು ನಮ್ಮ ಗೃಹಿಣಿಯರಿಗೆ ಸಂತೋಷದ ಸುದ್ದಿಯೇ ಸರಿ.

ತೋಟದ ಮನೆಯಿಂದ ನಾವು ಆಲ್ಬಾ ಪಟ್ಟಣದ ಭೋಜನಶಾಲೆಗೆ ಬಂದೆವು. ಶರತ್ಕಾಲದಲ್ಲಿ ಆ ಊರಿಗೆಲ್ಲ ಒಂದೇ ಧ್ಯಾನ. ಅದು ಬಿಳಿಯ ಟ್ರಫಲ್. ಇದು ಓಕ್, ಪಾಪ್ಲರ್ ಮೊದಲಾದ ಮರಗಳ ಬೇರಿನ ಬಳಿ ನೆಲದೊಳಗೆ ಹುಟ್ಟುವ ಒಂದು ಜಾತಿಯ ಅಣಬೆ. ನೋಡುವುದಕ್ಕೆ ಸುವರ್ಣಗಡ್ಡೆಯ ಮರಿಯಂತೆ. ಇದನ್ನು ತೋಟದ ಬೆಳೆಯಂತೆ ಬೆಳೆಯುವುದು ಬಹಳ ಕಷ್ಟ. ನಾಯಿಯ ಮೂಗನ್ನು ನಂಬಿ ಹುಡುಕಬೇಕು. ಬೇಟೆಗಾರನು ತನ್ನ ಜಾಗವನ್ನು ಯಾರಿಗೂ ಹೇಳದೆ ರಾತ್ರಿಯಲ್ಲಿಯೇ ಹೊರಡುತ್ತಾನೆ. ಈ ವಿದ್ಯೆಯೂ ೨೦೨೧ರಲ್ಲಿ ಯುನೆಸ್ಕೋದ ಪಟ್ಟಿಯನ್ನು ಸೇರಿತು. ಭೋಜನಶಾಲೆಯಲ್ಲಿ ಇದನ್ನು ಬೇಯಿಸುವುದಿಲ್ಲ. ಬಡಿಸುವವನು ಗಡ್ಡೆಯನ್ನು ನಮ್ಮೆದುರಿಗೇ ತೂಗಿ, ಬಿಸಿ ಶಾವಿಗೆಯ ಮೇಲೆ ತೆಳುವಾಗಿ ಹೆರೆದು, ಮತ್ತೆ ತೂಗಿ, ಕಡಿಮೆಯಾದಷ್ಟು ಗ್ರಾಮಿಗೆ ಲೆಕ್ಕ ಬರೆಯುತ್ತಾನೆ. ಚಿನ್ನಬೆಳ್ಳಿಯ ಅಂಗಡಿಯಲ್ಲಿ ಕುಳಿತ ಹಾಗಾಯಿತು. ಪರಿಮಳವು ಅಪೂರ್ವವಾದುದು ನಿಜ. ಬೆಳ್ಳುಳ್ಳಿ, ಜೇನು, ಮಳೆ ಬಿದ್ದ ಮಣ್ಣು ಎಲ್ಲವೂ ಸೇರಿದಂತೆ. ಆದರೆ ಅಂಗಡಿಗಳಲ್ಲಿ ಮಾರುವ ಟ್ರಫಲ್ ಎಣ್ಣೆಯ ಪರಿಮಳವು ಬಹುಮಟ್ಟಿಗೆ ರಾಸಾಯನಿಕದ್ದೆಂಬುದನ್ನು ಕೊಳ್ಳುವವರು ತಿಳಿದಿರಬೇಕು. ಆಲ್ಬಾದ ಸಂತೆಯಲ್ಲಿ ಕೊಂಡ ಗಡ್ಡೆಯನ್ನು ಪರೀಕ್ಷಕರಿಗೆ ತೋರಿಸಿ ಸಂಶಯವನ್ನು ಪರಿಹರಿಸಿಕೊಳ್ಳುವ ಏರ್ಪಾಡಿದೆ.

ಆಲ್ಬಾದಲ್ಲಿ ಬೀದಿಗೆಲ್ಲ ಹರಡುವ ಇನ್ನೊಂದು ವಾಸನೆಯುಂಟು. ಹುರಿದ ಹೇಜಲ್ ಕಾಯಿಯದು. ಕೋಕೋ ದುರ್ಲಭವಾಗಿದ್ದ ಯುದ್ಧಾನಂತರದ ದಿನಗಳಲ್ಲಿ, ೧೯೪೬ರಲ್ಲಿ, ಪಿಯೆತ್ರೋ ಫೆರ್ರೆರೋ ಎಂಬ ಮಿಠಾಯಿಗಾರರು ಸ್ಥಳೀಯವಾದ ಈ ಕಾಯಿಯನ್ನು ಕೂಡಿಸಿ ತಿಂಡಿ ಮಾಡುವ ಕಾರ್ಖಾನೆಯನ್ನು ಸ್ಥಾಪಿಸಿದರು; ೧೯೬೪ರಲ್ಲಿ ಅಲ್ಲಿಂದ ಹೊರಟ ನುಟೆಲ್ಲಾ ಇಂದು ನಮ್ಮ ಮಕ್ಕಳಿಗೂ ಗೊತ್ತು. ಕಾರ್ಖಾನೆಯು ಗುಡ್ಡದ ಹಳ್ಳಿಗಳಿಗೆ ಬಸ್ಸುಗಳನ್ನು ಕಳುಹಿಸಿ ಕೆಲಸಗಾರರನ್ನು ಕರೆತಂದು ಮರಳಿ ಬಿಡುತ್ತಿತ್ತು. ಸಂಬಳವೂ ಬಂದಿತು, ಜನ ಊರು ಬಿಟ್ಟು ಹೋಗುವುದೂ ತಪ್ಪಿತು. ಬೆಳಿಗ್ಗೆ ಬಳ್ಳಿಯ ಕೆಲಸ, ಮಧ್ಯಾಹ್ನದ ಮೇಲೆ ಯಂತ್ರದ ಕೆಲಸ ಎಂಬಂತೆ ಎಷ್ಟೋ ಸಂಸಾರಗಳು ತೋಟವನ್ನು ಉಳಿಸಿಕೊಂಡವು.

ಇಂದು ಆ ಸಂಸಾರಗಳ ಮೊಮ್ಮಕ್ಕಳು ಶ್ರೀಮಂತರು. ಹಾಗಾದರೆ ಬಗ್ಗಿ ಗೊಂಚಲು ಕೊಯ್ಯುವವರು ಯಾರು? ನಾವು ತೋಟಗಳಲ್ಲಿ ಕಂಡವರಲ್ಲಿ ಬಹುಮಂದಿ ಉತ್ತರ ಮ್ಯಾಸಿಡೋನಿಯಾದವರು, ಆಫ್ರಿಕಾದವರು. ಮನೆಯವರಂತೆ ಕಾಣುವ ಯಜಮಾನರೂ ಉಂಟು. ದಲ್ಲಾಳಿಗಳ ಕೈಗೆ ಸಿಕ್ಕಿ ನರಳುವ ಕೂಲಿಗಳೂ ಉಂಟು. ಕೂಲಿಗಳನ್ನು ಹಿಂಸಿಸಿ ದುಡಿಸುತ್ತಿದ್ದ ದಲ್ಲಾಳಿಗಳನ್ನು ೨೦೨೪ರಲ್ಲಿ ಆಲ್ಬಾದ ಸುತ್ತ ಪೋಲೀಸರು ಹಿಡಿದರು. ಅಂದು ಜೀತಕ್ಕೆ ಹೋದ ಹುಡುಗನ ಕಥೆಯನ್ನು ಕಣ್ಣೀರಿಟ್ಟು ಓದುವ ನಾಡಿನಲ್ಲಿ ಇಂದು ಬೇರೆ ದೇಶದ ಹುಡುಗನು ಅದೇ ಪಾಡನ್ನು ಪಡುವುದು ಸರಿಯೆ? ಈ ಪ್ರಶ್ನೆಯನ್ನು ಅಲ್ಲಿಯ ವಿವೇಕಿಗಳೇ ಕೇಳುತ್ತಿದ್ದಾರೆ. ನ್ಯಾಯವಾದ ಬೆಲೆಯೆಂಬ ಮಾತು ಕೂಲಿಯವನ ತನಕ ಮುಟ್ಟಿದಾಗಲೇ ಆ ಊಟವು ಪೂರ್ಣವಾದೀತು.

ಹೋಗತಕ್ಕವರಿಗೆ ಎರಡು ಮಾತು. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡರವರೆಗೆ. ಆಮೇಲೆ ಹೋದರೆ ಒಲೆ ಆರಿರುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಜನಸಂದಣಿ ಬಹಳ. ಸ್ಥಳವನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಲೆಕ್ಕದ ಚೀಟಿಯಲ್ಲಿ ಕೊಪೆರ್ತೋ ಎಂದು ತಲೆಗಿಷ್ಟು ಹಾಕಿರುವುದನ್ನು ಕಂಡು ಕೋಪಿಸಿಕೊಳ್ಳಬಾರದು. ಅದು ಎಲೆ ಹಾಕಿದುದರ ಬೆಲೆ. ಶಾಕಾಹಾರಿಗಳು ತಮ್ಮ ನಿಯಮವನ್ನು ಮೊದಲೇ ಬಿಡಿಸಿ ಹೇಳಬೇಕು. ಮಾಂಸವಿಲ್ಲವೆಂದರೆ ಮೀನು ಇರಬಹುದೆಂದು ಅವರ ಭಾವನೆ. ದೊಡ್ಡ ಭೋಜನಶಾಲೆಗೆ ಒಂದು ಸಲ ಹೋದರೆ ಸಾಕು; ಉಳಿದ ದಿನಗಳನ್ನು ತೋಟದ ಮನೆಗಳಿಗೆ ಕೊಡುವುದು ಲೇಸು.

ನಮ್ಮ ನಾಡಿನಲ್ಲಿಯೂ ಸ್ಥಳದ ಹೆಸರನ್ನು ಹೊತ್ತ ಬೆಳೆಗಳಿಗೆ ಬಡತನವಿಲ್ಲ. ನಂಜನಗೂಡಿನ ರಸಬಾಳೆ, ಕೊಡಗಿನ ಕಿತ್ತಳೆ, ಉಡುಪಿಯ ಮಟ್ಟು ಗುಳ್ಳ, ಮೈಸೂರಿನ ವೀಳ್ಯದೆಲೆ, ಬೆಂಗಳೂರಿನ ನೀಲಿ ದ್ರಾಕ್ಷಿ ಇವೆಲ್ಲವೂ ಭೌಗೋಳಿಕ ಗುರುತಿನ ರಕ್ಷಣೆಯನ್ನು ಪಡೆದಿವೆ. ಕಾನೂನು ಹೆಸರನ್ನು ಕಾಯಬಹುದು. ಬೆಳೆಯನ್ನು ಕಾಯುವುದು ಕೊಂಡು ಉಣ್ಣುವವರ ಕೆಲಸ. ರಸಬಾಳೆಯ ತೋಟಗಳು ಎಷ್ಟು ವಿರಳವಾಗಿವೆಯೆಂಬುದನ್ನು ಸಂತೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಲಾಂಗೆಯ ರೈತನು ತನ್ನ ಗೊಂಚಲಿಗೆ ತನ್ನ ಹೆಸರನ್ನಿಟ್ಟನು. ನೆರೆಯವರು ಅದನ್ನು ಕೇಳಿ ಕೊಂಡರು. ಹೀಗೆ ಹಸಿದ ಗುಡ್ಡಗಳು ಉಣ್ಣುವಂತಾದವು. ಮನೆಗೆ ತರುವ ಹಣ್ಣು ಯಾವ ಊರಿನದು, ಯಾರು ಬೆಳೆದರು ಎಂದು ಕೇಳುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಅದನ್ನು ಮುಂದಿನ ಸಂತೆಯ ದಿನದಿಂದಲೇ ಆರಂಭಿಸಬಹುದು.